ಏಳನೇ ಅಧ್ಯಾಯದ ಕೋಳಿ

ಸಾಹಿತ್ಯ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಘಟನೆಯಿದು: ಅಂದು ಬೆಳಿಗ್ಗೆ ಹತ್ತಕ್ಕೆ, ಕಾದಂಬರಿಯೊಂದರ ಏಳನೇ ಅಧ್ಯಾಯದಿಂದ ಕೋಳಿಯೊಂದನ್ನು ಹೊರಹಾಕುವ ಪ್ರಸ್ತಾಪ ಬಂತು.

ಕಾದಂಬರಿಕಾರ ನೀರು ಸರಬರಾಜು ಕಚೇರಿಯ ಗುಮಾಸ್ತ. ಆರು ವರ್ಷ ತಿಣುಕಿ ಮೂರು ತಲೆಮಾರಿನ ಕತೆ ಬರೆದಿದ್ದ. ಏಳನೇ ಅಧ್ಯಾಯದ ಹೊತ್ತಿಗೆ ವಿಪರೀತ ಜ್ವರ. ಏನು ಬರೆದೆನೆಂಬುದೇ ನೆನಪಿರಲಿಲ್ಲ. ವಿಮರ್ಶಕರೋ, ಉಳಿದದ್ದನ್ನೆಲ್ಲ ಬಿಟ್ಟು ಆ ಅಧ್ಯಾಯದಲ್ಲಿ ಅಜ್ಜಿ ಸಾಕಿದ ಒಂಟಿಕಣ್ಣಿನ ಕೋಳಿಯನ್ನೇ ಕೊಂಡಾಡಿದರು. ಅಂದಿನಿಂದ ಅವನು ಆ ಕೋಳಿಯನ್ನು ಹೆತ್ತ ಮಗಳಂತೆ ನೆನೆಯುತ್ತಿದ್ದ.

"ಕಾದಂಬರಿ ಓದಿ ಅತ್ತುಬಿಟ್ಟೆ ಸಾರ್," ಎಂದ, ಅದನ್ನು ಸಿನಿಮಾ ಮಾಡಹೊರಟಿದ್ದ ನಿರ್ದೇಶಕ, ನಿರ್ಮಾಪಕನ ಕಚೇರಿಯಲ್ಲಿ. "ಒಂದೇ ಒಂದು ಸಣ್ಣ ಬದಲಾವಣೆ. ಕೋಳಿ ಬೇಡ."

"ಯಾಕೆ?"

"ಕೋಳಿ ಹೇಳಿದ ಮಾತು ಕೇಳಲ್ಲ. ನಮ್ ಹೀರೋನೇ ಕೇಳಲ್ಲ, ಎರಡೆರಡು ಎಲ್ಲಿ ಸಂಭಾಳಿಸ್ಲಿ?"

"ಕೋಳಿ ಇಲ್ಲದಿದ್ರೆ ಸಿನಿಮಾನೇ ಬೇಡ," ಎಂದು ಗುಮಾಸ್ತ ಎದ್ದು ನಿಂತ. ತನಗೆ ಇಷ್ಟು ಧೈರ್ಯವಿದೆಯೆಂದು ಅವನಿಗೂ ಆಗಲೇ ಗೊತ್ತಾದದ್ದು.

ನಿರ್ಮಾಪಕ ಸಮಾಧಾನ ಮಾಡಿದ. "ಕೂತ್ಕೊಳ್ರೀ ಸಾರ್, ಇಬ್ರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡೋಣ. ಕೋಳಿ ಇರ್ಲಿ. ಅಜ್ಜೀನ ತೆಗೀರಿ. ಟಿಕೆಟ್ ತಗೊಂಡು ಅಜ್ಜಿ ನೋಡೋಕೆ ಯಾರು ಬರ್ತಾರೆ?"

"ಅಜ್ಜಿ ಇಲ್ಲದೆ ಕೋಳಿ ಯಾರದು?"

"ಹೀರೋದು!" ಎಂದ ನಿರ್ಮಾಪಕನ ಭಾವಮೈದ. ಬೆಳಗಿನಿಂದ ಅವನು ಬಾಯಿಬಿಟ್ಟದ್ದು ಅದೇ ಮೊದಲು. ಎಲ್ಲರೂ ಮೇಜು ತಟ್ಟಿದರು.

ಅಜ್ಜಿ ಹೋದಳು. ಅವಳ ಹಿಂದೆಯೇ ಎರಡು ತಲೆಮಾರು ಹೊರಟವು. ಊಟದ ಹೊತ್ತಿಗೆ ನಾಯಕಿಯ ಶಾಲೆ ಮುಚ್ಚಿ ಅಲ್ಲಿ ಈಜುಕೊಳ ಎದ್ದಿತು. ಕಾದಂಬರಿಯ ಕೊನೆಯ ಪುಟದಲ್ಲಿ ಅವಳು ಮಾತಿಲ್ಲದೆ ಬಾಗಿಲು ಮುಚ್ಚುತ್ತಿದ್ದಳು. ಆ ಜಾಗಕ್ಕೆ ನಲವತ್ತು ಜನರ ಕುಣಿತ ಬಂತು. ಒಂದೊಂದು ಹೋದಾಗಲೂ ಗುಮಾಸ್ತ ತವರಿಗೆ ಹೊರಟ ಸೊಸೆಯ ಪೆಟ್ಟಿಗೆ ನೋಡುವ ಅತ್ತೆಯಂತೆ ಇಣುಕಿ ಕೇಳುತ್ತಿದ್ದ: "ಕೋಳಿ ಇದೆ ತಾನೇ?"

"ಇದೆ ಮಾರಾಯ್ರೇ!"

ಸಂಜೆ ಕರಾರುಪತ್ರಕ್ಕೆ ಹೊಸ ಷರತ್ತು ಸೇರಿತು: 'ಯಾವುದೇ ಕಾರಣಕ್ಕೂ ಕೋಳಿಯನ್ನು ತೆಗೆಯತಕ್ಕದ್ದಲ್ಲ.' ಗುಮಾಸ್ತ ಎದೆಯುಬ್ಬಿಸಿ ಸಹಿ ಹಾಕಿದ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಎಲ್ಲಾ ಹೋಯ್ತು ಕಣೇ. ಆದ್ರೆ ನಂದು ಅನ್ನೋದೊಂದನ್ನ ಉಳಿಸ್ಕೊಂಡು ಬಂದೆ. ಕೋಳಿ!"

"ಯಾವ ಕೋಳಿ?" ಅವಳ ಕೈ ನಿಂತಿತು. "ಅಯ್ಯೋ, ಅದಾ? ಅದು ನಂದಲ್ವಾ?"

"ನಿಂದಾ?"

"ನೀವು ಜ್ವರ ಬಂದು ಮಲಗಿದ್ರಲ್ಲ, ಅಚ್ಚಿನ ಮನೆಯವ್ನು ಬಾಗಿಲಲ್ಲೇ ನಿಂತಿದ್ದ. ನಾನು ಶುದ್ಧಪ್ರತಿ ಬರೀತಾ ನೋಡಿದ್ರೆ ನಡುವೆ ಎರಡು ಹಾಳೆ ಖಾಲಿ. ಪಕ್ಕದ ಮನೆ ಕೋಳಿ ನಾನು ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಓಡಾಡ್ತಿತ್ತು. ಸಿಟ್ಟಲ್ಲಿ ಅದನ್ನೇ ಬರ್ದು ಕೊಟ್ಟುಬಿಟ್ಟೆ. ಒಂದು ಕಣ್ಣು ಕಿತ್ತೆ, ಅಷ್ಟೇ."

"ಮತ್ತೆ ಇಷ್ಟು ದಿನ ಹೇಳ್ಲಿಲ್ಲ?"

"ಹೊಗಳಿಸ್ಕೊಂಡು ಅಷ್ಟು ಖುಷಿಯಾಗಿದ್ರಿ, ಯಾಕೆ ಹಾಳ್ಮಾಡ್ಲಿ ಅಂತ." ಅವಳು ಅವನ ಅಂಗಿಯನ್ನು ನೀಟಾಗಿ ಮಡಚಿಟ್ಟಳು. "ಏನೇ ಹೇಳಿ, ನನ್ ಬರವಣಿಗೆಗೋಸ್ಕರ ಇಷ್ಟು ಹೋರಾಡೋ ಗಂಡ ಯಾರಿಗೆ ಸಿಕ್ತಾನೆ!"

ಆರು ತಿಂಗಳಿಗೆ ಚಿತ್ರ ತೆರೆಗೆ ಬಂತು. ಕೋಳಿ ಇದೆ.