ಗಂಟಲು ಯಾರದ್ದು?

ಗಂಟಲಿನಿಂದ ಹರಡುವ ಕೆಂಪು ಜ್ವರದ ವಾರ್ಡಿನಲ್ಲಿ ಗುಣವಾಗಿ ಮನೆಗೆ ಹೊರಟಿದ್ದ ಹುಡುಗಿಗೆ ಬೆಳಗಾಗುವಷ್ಟರಲ್ಲಿ ಮತ್ತೆ ಮೈತುಂಬ ಗಂದೆ ಎದ್ದಿತು. ತಪ್ಪು ಯಾರದೆಂದು ಆಸ್ಪತ್ರೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಿರಿಯ ಡಾಕ್ಟರನ್ನು ನೇಮಿಸಿಕೊಂಡಿದ್ದೇ ಅದಕ್ಕೆ.

"ಒಂದು ಮಗುವಿನ ಸೋಂಕು ಇನ್ನೊಂದಕ್ಕೆ ದಾಟ್ತಿದೆ ಕಣಯ್ಯಾ! ಸಂಜೆಯೊಳಗೆ ಮೂಲ ಹುಡುಕು, ಇಲ್ಲಾಂದ್ರೆ ಬೇರೆ ಕೆಲಸ ಹುಡುಕ್ಕೋ," ಎಂದು ದೊಡ್ಡ ಡಾಕ್ಟರು ಮಕ್ಕಳ ನಡುವೆ ನಿಂತು ಗುಡುಗಿದರು. ಮುಖಗವಸನ್ನು ಗಲ್ಲಕ್ಕೆ ಇಳಿಸಿಕೊಂಡಿದ್ದರು. ಅಂಥವರ ಮಾತಿಗೆ ಬಟ್ಟೆ ಅಡ್ಡ ಬರಬಾರದಲ್ಲ!

ಕಿರಿಯ ಡಾಕ್ಟರು ಟೊಂಕ ಕಟ್ಟಿ ನಿಂತರು. ಮಂಚಗಳನ್ನು ದೂರ ದೂರ ಎಳೆಸಿದರು. ಕೊನೆಯ ಮಂಚ ಬಾಗಿಲಾಚೆ ಹೋಯಿತು. ಅದರ ಮೇಲಿದ್ದ ಪೋರ ಹೋಗುವವರಿಗೆ ಬರುವವರಿಗೆ ನಾಲಿಗೆ ಚಾಚುತ್ತ ಸುಖವಾಗಿದ್ದ. ಆಟಿಕೆಗಳನ್ನೆಲ್ಲ ಕುದಿಸಿದರು. ರಬ್ಬರ್ ಬಾತುಕೋಳಿ ಬೆಂದು ಚಪ್ಪಟೆಯಾಗಿ, ವಾರ್ಡಿಗೆ ವಾರ್ಡೇ ಒಂದೇ ರಾಗದಲ್ಲಿ ಅಳತೊಡಗಿತು.

ಅಳು ನಿಲ್ಲಿಸಲೆಂದು ಮಗುವೊಂದರ ಅಜ್ಜಿ ಒಂದೇ ಚಮಚದಲ್ಲಿ ಸಾಲಾಗಿ ಎಲ್ಲರಿಗೂ ಹಾಲು ಕುಡಿಸುತ್ತ ಬಂದಳು.

"ಅಯ್ಯೋ ಅಜ್ಜಿ! ಒಬ್ಬೊಬ್ರಿಗೆ ಒಂದೊಂದು ಚಮಚ!"

"ಒಂದೇ ಚಮಚದಲ್ಲಿ ಏಳು ಮಕ್ಕಳನ್ನ ಸಾಕಿದೀನಪ್ಪಾ. ನಿಮ್ಮಮ್ಮ ನಿಂಗೆ ಬೇರೆ ಚಮಚ ಕೊಟ್ಟಿರ್ಬೇಕು, ಅದಕ್ಕೇ ಹಿಂಗೆ ಕಡ್ಡಿ ಥರ ಇದೀಯ."

ಡಾಕ್ಟರು ಚಮಚ ಕಿತ್ತುಕೊಂಡರು. ಅಜ್ಜಿ ಎದೆ ಬಡಿದುಕೊಂಡಳು. "ಮುದುಕಿ ಮೇಲೆ ಕೈ ಮಾಡ್ತೀರಾ?" ಎಂದು ಅವಳ ಅಳಿಯ ತೋಳೇರಿಸಿದ. ಹಿರಿಯ ನರ್ಸು ಬಂದು ಬಿಡಿಸಿದಳು. ಆದರೆ ಎಲ್ಲರ ಕೈ ತೊಳೆಸಿ ತೊಳೆಸಿ ಸೋಪೆಲ್ಲ ಖಾಲಿಯಾಯಿತೆಂದು ಅವಳೂ ಬೈದಳು.

ಬೇಸತ್ತ ಡಾಕ್ಟರು ವಾರ್ಡಿಗೆ ಕಾಲಿಟ್ಟವರ ಗಂಟಲಿಗೆಲ್ಲ, ತಮ್ಮದಕ್ಕೂ ಸೇರಿಸಿ, ಹತ್ತಿಕಡ್ಡಿ ಹಾಕಿಸಿ ಪರೀಕ್ಷೆಗೆ ಕಳಿಸಿದರು. ದೊಡ್ಡ ಡಾಕ್ಟರಂತೂ ಉಳಿದವರಿಗೆ ಮಾದರಿಯಾಗಲೆಂದು ಮೊದಲು ತಾವೇ ಬಾಯಿ ತೆರೆದರು.

ಸಂಜೆ ಲ್ಯಾಬಿನಾಕೆ ಬಂದಳು. "ಎಲ್ಲರದ್ದೂ ಚೊಕ್ಕ ಸಾರ್, ಆ ಅಜ್ಜೀದೂ. ಒಂದು ಗಂಟಲಲ್ಲಿ ಮಾತ್ರ ರೋಗಾಣು ಕೂತಿದೆ."

"ಯಾರದ್ದು?"

ಆಕೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: "ದೊಡ್ಡವರದ್ದು. ನೀವೇ ಹೇಳ್ಬಿಡಿ. ನಂಗೆ ಮಕ್ಕಳು ಮರಿ ಇದಾವೆ."

ಕಿರಿಯ ಡಾಕ್ಟರು ಹೋಗಿ ವಿಷಯ ಹೇಳಿದರು. ದೊಡ್ಡವರು ಹೊಟ್ಟೆ ಕುಲುಕಿಸಿ ನಕ್ಕರು.

"ಎಷ್ಟು ಸಭೆ ನಡುಗಿಸಿದ ಗಂಟಲಯ್ಯಾ ಇದು! ಇದರಲ್ಲಿ ರೋಗಾಣುವೆ? ಕಡ್ಡಿ ಅದಲುಬದಲಾಗಿದೆ. ಅದು ನಿಂದೇ. ಹೋಗು, ಮಲಗು!"

ಕಿರಿಯ ಡಾಕ್ಟರನ್ನು ಮಕ್ಕಳ ಮಂಚದಲ್ಲೇ ಮಲಗಿಸಿದರು. ಮೊಣಕಾಲಿನಿಂದ ಕೆಳಗಿನ ಭಾಗ ಮಂಚದಾಚೆ ಗಾಳಿಯಲ್ಲಿತ್ತು. ದೊಡ್ಡವರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬಂದು, "ಆ ಅನ್ನು," ಎಂದು ಬಗ್ಗಿ, ಕಿರಿಯ ಡಾಕ್ಟರ ತೆರೆದ ಬಾಯಿಯ ಮೇಲೆ ಮನಸಾರೆ ಕೆಮ್ಮಿದರು.

ಕೆಲವು ದಿನ ಕಳೆದು ಮತ್ತೆ ಪರೀಕ್ಷೆಯಾಯಿತು. ಈ ಸಲ ಕಿರಿಯ ಡಾಕ್ಟರ ಗಂಟಲಲ್ಲಿ ರೋಗಾಣು ನಿಜಕ್ಕೂ ಸಿಕ್ಕಿತು.

"ನೋಡಿದ್ರಾ," ಎಂದರು ದೊಡ್ಡವರು, ಮುಖಗವಸನ್ನು ಕೆಳಗಿಳಿಸಿ, "ನಾನು ಆವತ್ತೇ ಹೇಳಿದ್ನೋ ಇಲ್ವೋ?"