ನಗ್ಗು ನೋಡಿ ಕಳಿಸುವ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ಮನುಷ್ಯನಿಗೂ ತಪ್ಪಲೆಗೂ ವ್ಯತ್ಯಾಸವೇ ಗೊತ್ತಿಲ್ಲ. ನಂಬುವುದಿಲ್ಲವೇ? ಕೇಳಿ!

ಹಳ್ಳಿಮೈಸೂರಿನಲ್ಲಿ ಆಕೆ ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುತ್ತಾಳೆ. ಕೊಪ್ಪರಿಗೆ ಗಾಡಿ ಹತ್ತುವ ಮೊದಲು ಒಯ್ಯುವವರ ಎದುರೇ ಅದನ್ನು ಉರುಳಿಸಿ, ತಟ್ಟಿ, ಜೋರಾಗಿ ಸಾರುತ್ತಾಳೆ: "ಕಂಠದ ಹತ್ರ ಒಂದ್ ನಗ್ಗು. ಬ್ಯಾರೆ ಏನಿಲ್ಲ. ಕೊಟ್ಟಂಗೇ ತರ್ಬೇಕು!"

ಅರಕಲಗೂಡಿನವರೊಬ್ಬರು ಮುಖ ಗಂಟಿಕ್ಕಿದರು. "ನಮ್ ಮ್ಯಾಲೆ ನಂಬ್ಕೆ ಇಲ್ವೇನಮ್ಮ?"

"ನಿಮ್ ಮ್ಯಾಲೈತೆ ಸಾ. ನಿಮ್ ಅಡುಗೆಯೋನ ಮ್ಯಾಲಿಲ್ಲ."

ಇಷ್ಟಕ್ಕೇ ನಿಂತಿದ್ದರೆ ನಾವು ಬದುಕುತ್ತಿದ್ದೆವು! ಊರಿನ ಯಾರನ್ನೇ ಪೊಲೀಸರು ವಿಚಾರಣೆಗೆ ಕರೆಯಲಿ, ಈಕೆ ಜೊತೆಗೆ ಹೊರಡುತ್ತಾಳೆ. ಠಾಣೆಯ ಮೆಟ್ಟಿಲ ಮೇಲೆ ಅಂಗಿ ಬಿಚ್ಚಿಸಿ, ಸುತ್ತ ತಿರುಗಿಸಿ ಪೇದೆಗೆ ಒಪ್ಪಿಸುತ್ತಾಳೆ: "ಹಲ್ಲು ಇಪ್ಪತ್ತೊಂಬತ್ತು. ಮೊಣಕೈಲಿ ಹಳೇ ಗಾಯ. ನೋಡ್ಕಳಿ ಸಾ."

"ಇದೇನಮ್ಮ, ದನದ ಸಂತೆನಾ?"

"ಸಂತೇಲಿ ಮಾರ್ಬುಡ್ತಾರೆ ಸಾ. ನಾನು ವಾಪಸ್ ಇಸ್ಕತೀನಿ!"

ಕೊನೆಗೆ ನನ್ನ ಸರದಿ ಬಂತು. ವಂಶದಲ್ಲೇ ಮೊದಲ ಪದವೀಧರ ನಾನು. ಹಾಸನದ ಹೋಟೆಲಿನಲ್ಲಿ ಎಲೆ ಎತ್ತಿ ಓದಿದವನು. ಮೂಲಭೂತ ಹಕ್ಕುಗಳೆಲ್ಲ ಬಾಯಿಪಾಠ! ಆ ಧೈರ್ಯದಲ್ಲೇ ಗ್ರಾಮಸಭೆಯಲ್ಲಿ ಮುಖಂಡರೊಬ್ಬರನ್ನು "ಟ್ಯಾಂಕ್ ಕಟ್ಟಿಸಿದ್ರಿ, ನೀರೆಲ್ಲಿ?" ಎಂದು ಕೇಳಿದೆ. ನೀರು ಬರಲಿಲ್ಲ, ಠಾಣೆಯಿಂದ ಫೋನು ಬಂತು.

ಮೆಟ್ಟಿಲ ಮೇಲೆ ದೊಡ್ಡವ್ವ ಕೈ ಹಿಡಿದು ನಿಲ್ಲಿಸಿದಳು. ಎದುರಿಗೇ ಬಸ್ ನಿಲ್ದಾಣ, ತುಂಬಾ ಜನ!

"ನಾನು ಬಿ.ಎ. ಓದಿದೋನು ದೊಡ್ಡವ್ವ. ನಂಗೆ ಕಾನೂನು ಗೊತ್ತು."

"ಕಾನೂನು ಅಂಗಿ ಒಳಗೈತೇನ್ಲಾ? ಬಿಚ್ಚು!"

ಬಿಚ್ಚಿದೆ. ನಾಚಿಕೆಯಿಂದ ಸತ್ತೆ.

ಒಳಗೆ ಮೂರು ಗಂಟೆ ಕೂರಿಸಿದರು. ಬಾಯಿಪಾಠದ ಒಂದು ಸಾಲೂ ನೆನಪಾಗಲೊಲ್ಲದು. "ಪ್ರಶ್ನೆ ಕೇಳ್ತೀಯೇನೋ?" ಎನ್ನುತ್ತ ಸಾಹೇಬರು ಎರಡು ಸಲ ಲಾಠಿ ಎತ್ತಿದರು. ಎರಡು ಸಲವೂ ಕಿಟಕಿಯಾಚೆ ನೋಡಿ ಕೆಳಗಿಟ್ಟರು. ಆಚೆ ದೊಡ್ಡವ್ವ ಬಿಸಿಲಲ್ಲಿ ಹಾಗೇ ನಿಂತಿದ್ದಳು.

ಹೊರಬಂದೊಡನೆ ಮತ್ತೆ ಅಂಗಿ ಬಿಚ್ಚಿಸಿದಳು! ಬೆನ್ನು, ತೋಳು, ಬೆರಳು, ಒಂದೊಂದನ್ನೂ ಸವರಿದಳು. ನಾನು ರೇಗಿದೆ. "ಊರೋರ್ ಮುಂದೆ ಇದೆಲ್ಲ ಯಾಕ್ ದೊಡ್ಡವ್ವ?"

ಅವಳ ಕೈ ನನ್ನ ಎಡತೋಳಿನ ಮೇಲೆ ನಿಂತಿತು. "ನಿಮ್ ದೊಡ್ಡಪ್ಪನ್ನ ಪೊಲೀಸ್ರು ಕರ್ಕಂಡೋದಾಗ ನಾನ್ ಹಿಂಗೆ ಮೈ ನೋಡಿ ಕಳ್ಸಿರ್ಲಿಲ್ಲ ಕಣ್ಲಾ. ಕೈ ಮುರ್ದು ಕಳ್ಸಿ, 'ಮೊದ್ಲೇ ಹಂಗೇ ಇತ್ತು' ಅಂದ್ಬುಟ್ರು."

ದೊಡ್ಡಪ್ಪನ ಸೊಟ್ಟಗೈ ಹುಟ್ಟಿದಾಗಿನಿಂದಲೇ ಹಾಗೆ ಎಂದು ನಾನೂ ನಂಬಿದ್ದೆ.

ಬಸ್ಸು ಬಂತು. ಅವಳ ಕೈ ಹಿಡಿದು ಹತ್ತಿಸಿ, ನಾನೂ ಹತ್ತಿದೆ. ಕಂಡಕ್ಟರ್ ಟಿಕೆಟ್ ಕೇಳಿದ ಮೇಲೇ ನನಗೆ ನೆನಪಾದದ್ದು, ಬಿಚ್ಚಿದ ಅಂಗಿ ಇನ್ನೂ ಹೆಗಲ ಮೇಲೇ ಇತ್ತು.