ಅತ್ತೆಯೂ ಕಾಡಿನ ಹೊಟ್ಟೆಹುಳುವೂ

ನಮ್ಮ ಅತ್ತೆ ಬೆಟ್ಟ ಹತ್ತಿದರೆ ದೇವರನ್ನು ನೋಡುವುದಿಲ್ಲ, ಚಿರತೆಯ ಕಕ್ಕ ನೋಡುತ್ತಾರೆ! ನಗಬೇಡಿ. ಅಪ್ಪನ ಅಕ್ಕ, ಕೊರಟಗೆರೆಯಲ್ಲಿ ಬಯಾಲಜಿ ಟೀಚರಾಗಿದ್ದವರು. ಚನ್ನರಾಯನದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ನಿವೃತ್ತರಾದ ಮೇಲೆ ಕೋಲು ಹಿಡಿದು ಕಾಡುಪ್ರಾಣಿಗಳ ಹೊಟ್ಟೆಯ ಯೋಗಕ್ಷೇಮ ವಿಚಾರಿಸುವುದೇ ಕೆಲಸ.

ಹೋದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಸಿದ್ದರಬೆಟ್ಟಕ್ಕೆ ಹೋಗಿದ್ದೆವು. ನೆರಳಲ್ಲಿ ಕೂತು ಮೊಸರನ್ನದ ಡಬ್ಬಿ ತೆಗೆದಿದ್ದೇ ತಡ, ಪೊದೆಯ ಹಿಂದಿನಿಂದ ಅತ್ತೆಯ ಕೂಗು ಬಂತು.

"ಲೇ, ಬಾರ್ಲಾ ಇಲ್ಲಿ! ಈ ಕಕ್ಕದಲ್ಲಿ ಅನ್ನದ ಅಗುಳಿನಂಗೆ ಬೆಳ್ಳಗೆ ಕಾಣ್ತಾವಲ್ಲ, ಲಾಡಿಹುಳದ ತುಂಡು ಕಣ್ಲಾ!"

ಮೊಸರನ್ನ ಹಾಗೇ ವಾಪಸ್ ಮನೆಗೆ ಬಂತು.

ಇಳಿಯುವಾಗ ಅತ್ತೆಯ ಮುಖ ಬಾಡಿತ್ತು. "ಬಂಡೆ ಮೇಲಿನ ದೊಣೆಗಳೆಲ್ಲ ಬತ್ತೋಗಿ, ಒಂದರಲ್ಲಿ ಮಾತ್ರ ನೀರೈತೆ. ನಾಯಿ, ನರಿ, ಚಿರತೆ, ಕುರಿ, ಎಲ್ಲಾ ಅಲ್ಲೇ ಕುಡೀಬೇಕು, ಅಲ್ಲೇ ಗಲೀಜು ಮಾಡ್ಬೇಕು. ಹುಳದ ಮೊಟ್ಟೆ ಹರಡಕ್ಕೆ ಇನ್ನೇನು ಬೇಕು?"

ಅಂದಿನಿಂದ ನನ್ನ ಹೊಟ್ಟೆಯಲ್ಲೂ ಏನೋ ಹರಿದಾಡಿದಂತೆ! ಕೈ ತೊಳೆದೂ ತೊಳೆದೂ ಸೋಪು ಕರಗಿತೇ ಹೊರತು ಭಯ ಕರಗಲಿಲ್ಲ.

ಮರುದಿನ ಅತ್ತೆಯ ಸವಾರಿ ಮಟನ್ ಅಂಗಡಿಗೆ. ಅಂಗಡಿಯವನು ಕುರಿಯ ಕರುಳು, ಗುಳ್ಳೆಬಿದ್ದ ಲಿವರ್ ಎಲ್ಲವನ್ನೂ ಹಿಂದಿನ ಹಳ್ಳಕ್ಕೆ ಎಸೆಯುತ್ತಿದ್ದ.

"ಗುಂಡಿ ತೋಡಿ ಹೂಳಪ್ಪಾ. ಇದ್ನ ತಿಂದ ನಾಯಿಗೂ ಹುಳ ಬತ್ತದೆ, ನರಿಗೂ ಬತ್ತದೆ."

"ಮೇಡಮ್ಮೋರೆ, ನರಿಗೆ ಹೊಟ್ಟೆ ಕೆಟ್ರೆ ನಂಗೇನಾಗ್ಬೇಕು?"

"ನಿನ್ ಮಗಳು ಆ ನಾಯಿ ಮೈ ಸವರಿ, ಅದೇ ಕೈಲಿ ಬನ್ನು ತಿಂತಾವ್ಳೆ. ನೋಡ್ಲಾ!"

ಅವನ ನಗು ನಿಂತಿತು. ಸಂಜೆಗೆ ಗುಂಡಿ ತಯಾರು. ಬೆಳಗಾಗುವಷ್ಟರಲ್ಲಿ ನಾಯಿಗಳು ಅದನ್ನೂ ಕೆದರಿ ಔತಣ ಮುಗಿಸಿದ್ದವು! ಅತ್ತೆ ತಾವೇ ನಿಂತು ಇನ್ನೂ ಆಳ ತೋಡಿಸಿ, ಮೇಲೆ ಚಪ್ಪಡಿ ಎಳೆಸಿದರು.

ಮೊನ್ನೆ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ದುರ್ಗದ ಬೆಟ್ಟಕ್ಕೆ ಹೋದ ಅತ್ತೆ ಸಂಜೆಯಾದರೂ ಬಂದಿಲ್ಲ, ಫೋನೂ ಹತ್ತುತ್ತಿಲ್ಲ. ಚಿರತೆ ನೆನಪಾಗಿ ಓಡಿದೆ. ಬಂಡೆಯೊಂದರ ಬುಡದಲ್ಲಿ ಕೂತಿದ್ದರು. ಸ್ವಲ್ಪ ದೂರದಲ್ಲಿ, ಪಕ್ಕೆಲುಬು ಎದ್ದುಕಂಡ ನರಿಯೊಂದು ಮಲಗಿ ಏದುಸಿರು ಬಿಡುತ್ತಿತ್ತು.

"ಹುಳಾನಾ ಅತ್ತೆ?"

"ಗೊತ್ತಿಲ್ಲ ಕಣ್ಲಾ." ಕಣ್ಣು ಒದ್ದೆಯಾಗಿತ್ತು. "ಒಂಟಿಯಾಗಿ ಬಿದ್ದಿತ್ತು. ಬುಟ್ಟು ಬರಕ್ಕೆ ಮನಸೇ ಬರ್ಲಿಲ್ಲ."

ಸಿಗ್ನಲ್ ಸಿಗುವ ಕಡೆಗೆ ಇಳಿದು ಅರಣ್ಯ ಇಲಾಖೆಗೆ ಫೋನು ಮಾಡಿದೆ. ಅವರು ಬಂದು ಬಲೆ ಹೊದಿಸಿ, ನರಿಯನ್ನು ಬೋನಿನಲ್ಲಿಟ್ಟು ಕೆಳಗೆ ಹೊತ್ತು ತಂದು ಜೀಪಿಗೆ ಹತ್ತಿಸಿದರು. ಬದುಕುತ್ತದಾ ಅಂತ ಕೇಳಿದೆ. ಡಾಕ್ಟರು ನೋಡಬೇಕು ಅಂದರು.

ಜೀಪು ಹೊರಟಿತು. ಅತ್ತೆ ಚಪ್ಪಲಿ ಎಳೆದುಕೊಂಡು ಅದರ ಹಿಂದೆಯೇ ನಡೆಯುತ್ತಾ ಕೂಗಿದರು: "ಮೆತ್ತಗೆ ಓಡ್ಸಪ್ಪಾ... ರಸ್ತೆ ಸರಿಯಿಲ್ಲ, ಅದಕ್ಕೆ ನೋಯ್ತದೆ!"